ಸೋಪಿನ ಡಬ್ಬಿ

2025ರ ಜೂನ್ 3, ಮಂಗಳವಾರ. ಅಹಮದಾಬಾದಿನಲ್ಲಿ ಆರ್‌ಸಿಬಿ, ಪಂಜಾಬ್ ಫೈನಲ್. ನಮ್ಮ 190ರ ಬೆನ್ನು ಹತ್ತಿದ್ದ ಪಂಜಾಬಿನ ಎರಡನೇ ವಿಕೆಟ್ ಬಿದ್ದು ಶ್ರೇಯಸ್ ಅಯ್ಯರ್ ಕ್ರೀಸಿಗೆ ಬಂದಿದ್ದ. ಹಿಂದಿನ ಪಂದ್ಯದಲ್ಲಿ ಔಟಾಗದೆ 87 ಹೊಡೆದು ಮುಂಬೈಯನ್ನು ಮನೆಗೆ ಕಳಿಸಿದವನು. ನನಗೆ ಹೊಟ್ಟೆಯೊಳಗೆ ಸಂಕಟ. ಅಷ್ಟರಲ್ಲಿ ಚಿತ್ರ ನಿಂತಿತು. ಲ್ಯಾಪ್‌ಟಾಪಿನ ನಡುವೆ ಚಕ್ರ ಗಿರಗಿರ ತಿರುಗತೊಡಗಿತು.

ನಾನಿರುವ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಸಂಜೆ ಐದೂವರೆ ದಾಟಿತ್ತು, ಹಾಸನದಲ್ಲಿ ರಾತ್ರಿ ಹತ್ತು. ಕಾರಣ ತಕ್ಷಣ ಹೊಳೆಯಿತು. ಅಮ್ಮ ಮಲಗುವ ಮುಂಚೆ ಮನೆಯ ಸ್ವಿಚ್ಚುಗಳನ್ನೆಲ್ಲ ಆಫ್ ಮಾಡುತ್ತಾಳೆ.

ಇಂಗ್ಲೆಂಡಿನಲ್ಲಿ ಐಪಿಎಲ್ ನೋಡಲು ಸಿಗುವುದಿಲ್ಲ ಅಂತೇನಿಲ್ಲ. ದುಡ್ಡು ಕೊಟ್ಟರೆ ಬರುತ್ತದೆ, ಆದರೆ ಇಂಗ್ಲಿಷಿನಲ್ಲಿ. ಹದಿನೆಂಟು ವರ್ಷ ಕಾದ ಕಪ್ಪನ್ನು ಇಂಗ್ಲಿಷಿನಲ್ಲಿ ಗೆಲ್ಲುವುದಕ್ಕೆ ನನಗೆ ಮನಸ್ಸಿರಲಿಲ್ಲ. ಕನ್ನಡ ಕಾಮೆಂಟರಿ ಬರುವ ಆ್ಯಪ್ ಇಲ್ಲಿ ಐಪಿಎಲ್‌ಗೆ ಬಾಗಿಲು ತೆರೆಯುತ್ತಿರಲಿಲ್ಲ. ಹಾಗಾಗಿ ವಿಪಿಎನ್, ಅಂದರೆ ನಾವು ಬೇರೆ ಊರಿನಿಂದ ಇಂಟರ್ನೆಟ್ಟಿಗೆ ಬಂದ ಹಾಗೆ ತೋರಿಸುವ ವ್ಯವಸ್ಥೆ. ಮೊದಲು ತಿಂಗಳ ಚಂದಾ ಕಟ್ಟಿ ಒಂದು ಹಾಕಿಸಿಕೊಂಡಿದ್ದೆ. ಅದರಲ್ಲಿ 'ಇಂಡಿಯಾ' ಒತ್ತಿದರೆ ನಿಜಕ್ಕೂ ಹೋಗುತ್ತಿದ್ದದ್ದು ಸಿಂಗಪುರಕ್ಕೆ. ವಿಪಿಎನ್ ಕಂಪನಿಗಳು ಗ್ರಾಹಕರ ವಿವರವನ್ನು ಐದು ವರ್ಷ ಇಟ್ಟುಕೊಳ್ಳಬೇಕೆಂದು 2022ರಲ್ಲಿ ನಮ್ಮ ಸರ್ಕಾರ ನಿಯಮ ತಂದಾಗ, ದೊಡ್ಡ ಕಂಪನಿಗಳು ಕೆಲವು ಭಾರತದಿಂದ ಸರ್ವರ್ ಕಿತ್ತುಕೊಂಡು ಹೋದವು. ಇಂಟರ್ನೆಟ್ ವಿಳಾಸ ಮಾತ್ರ ಭಾರತದ್ದು, ಯಂತ್ರ ಇರುವುದು ಬೇರೆಲ್ಲೋ. ಸಾವಿರಾರು ಜನ ಹಂಚಿಕೊಳ್ಳುವ ಇಂಥ ವಿಳಾಸಗಳನ್ನು ಆ್ಯಪ್‌ನವರು ಬೇಗ ಗುರುತು ಹಿಡಿಯುತ್ತಾರೆ. 'ವಿಪಿಎನ್ ಆಫ್ ಮಾಡಿ' ಎಂದು ಮುಖದ ಮೇಲೆ ಹೇಳುತ್ತಾರೆ.

ಡಿಸೆಂಬರಿನಲ್ಲಿ ಊರಿಗೆ ಹೋದಾಗ ರಾಸ್ಪ್‌ಬೆರಿ ಪೈ ಎಂಬ ಒಂದು ಪುಟ್ಟ ಕಂಪ್ಯೂಟರ್ ಕೊಂಡೊಯ್ದು, ಟಿವಿ ಸ್ಟ್ಯಾಂಡಿನ ಹಿಂದೆ ರೂಟರಿಗೆ ಸಿಕ್ಕಿಸಿ ಬಂದೆ. ಇಲ್ಲಿಂದ ಅದಕ್ಕೆ ಕನೆಕ್ಟ್ ಆದರೆ ನಾನು ಹಾಸನದ ನಮ್ಮ ಮನೆಯಲ್ಲೇ ಕೂತ ಹಾಗೆ. ಆ್ಯಪ್‌ನ ಷರತ್ತಿಗೆ ಇದೂ ಒಗ್ಗುವುದಿಲ್ಲ, ಗೊತ್ತು. ಚಂದಾ ಕಟ್ಟುತ್ತೇನಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ. ಅಮ್ಮ ಅದಕ್ಕೆ 'ಸೋಪಿನ ಡಬ್ಬಿ' ಎಂದು ಹೆಸರಿಟ್ಟು, ಧೂಳು ಕೂರಬಾರದೆಂದು ಮೇಲೊಂದು ಕ್ರೋಶಾ ಬಟ್ಟೆ ಹೊದಿಸಿದ್ದಳು.

ವಾಟ್ಸಾಪ್ ಮಾಡಿದೆ, ಒಂದೇ ಟಿಕ್. ವೈಫೈಯೂ ಹೋಗಿತ್ತಲ್ಲ. ದುಡ್ಡು ಹೋದರೆ ಹೋಗಲಿ ಎಂದು ನೇರ ಫೋನ್ ಮಾಡಿದೆ.

"ಏನಾಯ್ತೋ? ಮಕ್ಳು ಹುಷಾರಾಗಿದಾರಾ?" ಅಮ್ಮನ ದನಿ ನಡುಗುತ್ತಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಮಾಡಿದ್ದಕ್ಕೆ ನಾಚಿಕೆಯಾಯಿತು.

"ಎಲ್ಲಾ ಚೆನ್ನಾಗಿದೀವಮ್ಮ. ಟಿವಿ ಹತ್ರ ಸ್ವಿಚ್ ಹಾಕು."

"ಇದಕ್ಕಾ ಎಬ್ಬಿಸಿದ್ದು?"

ಚಪ್ಪಲಿ ಎಳೆಯುವ ಸದ್ದು. ಟಕ್ ಎಂದು ಸ್ವಿಚ್. ಬಟ್ಟೆ ಸರಿಸಿ ನೋಡಿ, "ಕೆಂಪು ದೀಪ ಬಂತು. ಹಸಿರೂ ಮಿಣಕ್ತಾ ಇದೆ" ಎಂದಳು. ರೂಟರ್ ಕಣ್ಣು ಬಿಡಲು ಇನ್ನೆರಡು ನಿಮಿಷ ಬೇಕಿತ್ತು. ಅಷ್ಟರಲ್ಲಿ ಅವಳೇ ಟಿವಿ ಹಾಕಿದಳು. "ಯಾರೋ ಔಟಾದ ಅಂತ ಕುಣೀತಿದಾರೆ. ಅಯ್ಯರ್ ಅಂತೆ. ಒಂದೇ ರನ್ ಪಾಪ."

ನೋಡಲೇಬೇಕಿದ್ದ ವಿಕೆಟ್ ತಪ್ಪಿಹೋಯಿತು.

ಅಮ್ಮ ಮತ್ತೆ ಮಲಗಲಿಲ್ಲ. ಚಿತ್ರ ಬಂದ ಮೇಲೆ ವಾಟ್ಸಾಪಿನಲ್ಲಿ ಮಾತು ಮುಂದುವರಿಯಿತು. ತೊಂದರೆ ಏನೆಂದರೆ, ಅವಳ ಡಿಶ್ ನನ್ನ ಸ್ಟ್ರೀಮಿಂಗಿಗಿಂತ ಒಂದು ಬಾಲ್ ಮುಂದಿತ್ತು. ನನ್ನಲ್ಲಿ ಬೌಲರ್ ಇನ್ನೂ ಚೆಂಡು ಉಜ್ಜುತ್ತಿರುವಾಗ ಅಲ್ಲಿಂದ "ಅಯ್ಯೋ, ಸಿಕ್ಸು!" ಫೋನ್ ಇಡಬಹುದಿತ್ತು. ಇಡಲಿಲ್ಲ. ಲ್ಯಾಪ್‌ಟಾಪಿನ ಸೌಂಡೇ ಕಮ್ಮಿ ಮಾಡಿದೆ.

ಕೊನೆಯ ಓವರಿಗೆ ಪಂಜಾಬಿಗೆ 29 ಬೇಕು. ನಮ್ಮ ಹೇಜಲ್‌ವುಡ್ ಮೊದಲೆರಡು ಬಾಲ್ ಖಾಲಿ ಹಾಕಿದ. "ಆ ಗಡ್ಡದ ಹುಡುಗ ಯಾಕೋ ಅಳ್ತಿದಾನೆ" ಎಂದಳು ಅಮ್ಮ. ನನ್ನ ಪರದೆಯಲ್ಲಿ ಕೊಹ್ಲಿ ಇನ್ನೂ ಅತ್ತಿರಲಿಲ್ಲ. ನಾನು ಮೊದಲೇ ಅತ್ತೆ. ಪಂಜಾಬಿನ ಶಶಾಂಕ್ ಸಿಂಗ್ ಆಮೇಲೆ 22 ಬಾರಿಸಿದರೂ ಆರು ರನ್ನಿನಿಂದ ಕಪ್ ನಮ್ಮದಾಯಿತು.

"ಈಗ ಆಫ್ ಮಾಡ್ಲಾ?"

"ಕಪ್ ಕೊಡೋದು ನೋಡ್ಬಿಡ್ತೀನಿ ಇರಮ್ಮ."

"ಅವರು ಕೊಡೋ ಹೊತ್ತಿಗೆ ಕೋಳಿ ಕೂಗುತ್ತೆ" ಎನ್ನುತ್ತಾ ಆನ್‌ನಲ್ಲೇ ಬಿಟ್ಟು ಮಲಗಿದಳು.

ಮಾರನೇ ದಿನ ವಿಜಯೋತ್ಸವಕ್ಕೆ ಜನ ಸೇರಿ ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಕಾಲ್ತುಳಿತ, 11 ಜನ ಸತ್ತರು. ಕನ್ನಡ ಸುದ್ದಿ ಚಾನೆಲ್‌ಗಳು ಯೂಟ್ಯೂಬಿನಲ್ಲಿ ಪುಕ್ಕಟೆ ಬರುತ್ತವೆ, ಅದಕ್ಕೆ ಡಬ್ಬಿ ಬೇಕಿಲ್ಲ. ನೋಡುತ್ತಾ ಕೂತಿದ್ದೆ. ರಾತ್ರಿ ಅಮ್ಮ ಫೋನ್ ಮಾಡಿದಳು. "ನೋಡಿದ್ಯೇನೋ?" ಎಂದಳು. ಇಬ್ಬರಿಗೂ ಮಾತು ಮುಂದುವರಿಸಲು ಆಗಲಿಲ್ಲ. ಇಡುವ ಮುಂಚೆ, ಸ್ವಿಚ್ಚಿನ ಮೇಲೆ ಟೇಪ್ ಅಂಟಿಸಿದ್ದೇನೆ, ಇನ್ನು ಮರೆತೂ ಆಫ್ ಮಾಡುವುದಿಲ್ಲ ಎಂದಳು.