ಇಂಡಕ್ಷನ್ ಒಲೆ ಮತ್ತು ಮಾವನ ಪ್ರಶ್ನೆ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನನ್ನದೊಂದು ಚಿಕ್ಕ ರಿಪೇರಿ ಅಂಗಡಿ. ಮಳೆಗಾಲದಲ್ಲಿ ಇಂಡಕ್ಷನ್ ಒಲೆಗಳೇ ಜಾಸ್ತಿ. ಮೊನ್ನೆ ಒಂದರ ಗಾಜು ತೆಗೆದು ತಾಮ್ರದ ಸುರುಳಿ ನೋಡ್ತಾ ಇದ್ದೆ. ಘಾಟ್‌ಕೋಪರ್‌ನಿಂದ ಮಾವ ಬಂದರು. ಚಿಕ್ಕ ಮಾವ ಮಿದುಳಿನ ಗಡ್ಡೆಯಿಂದ ತೀರಿಕೊಂಡು ವರ್ಷವಾಗಿದೆ.

"ಮಾಣಿ, ಆಯಸ್ಕಾಂತದಿಂದ ಗಡ್ಡೆ ಸುಡ್ತಾರಂತೆ, ಹೌದಾ?"

ಹೌದು. ಕಬ್ಬಿಣದ ಆಕ್ಸೈಡಿನ ಅತಿ ಸಣ್ಣ ಕಣಗಳನ್ನು ನೀರಿನಲ್ಲಿ ಬೆರೆಸಿ ಗಡ್ಡೆಗೇ ಚುಚ್ಚುತ್ತಾರೆ. ಹೊರಗಿನಿಂದ ಸೆಕೆಂಡಿಗೆ ಸುಮಾರು 1 ಲಕ್ಷ ಸಲ ಹಿಂದೆ ಮುಂದೆ ಓಲಾಡುವ ಕಾಂತಕ್ಷೇತ್ರ ಕೊಡುತ್ತಾರೆ. ಅದರ ಜೊತೆ ತಿರುಗಲು ಹೆಣಗಿ ಕಣಗಳು ಬಿಸಿಯಾಗುತ್ತವೆ. ಸುಡುವಷ್ಟೇನೂ ಅಲ್ಲ, ಸಾಮಾನ್ಯವಾಗಿ 41ರಿಂದ 46 ಡಿಗ್ರಿ. ನಮ್ಮೂರ ಹಂಡೆಯ ಸ್ನಾನದ ನೀರೇ ಇದಕ್ಕಿಂತ ಬಿಸಿ ಇರುತ್ತಿತ್ತೇನೋ! ಅಷ್ಟಕ್ಕೇ ಕ್ಯಾನ್ಸರ್ ಕೋಶ ಸೊರಗುತ್ತದೆ, ರೇಡಿಯೇಶನ್‌ಗೆ ಬೇಗ ಬಗ್ಗುತ್ತದೆ. ಬರ್ಲಿನ್‌ನ ಮ್ಯಾಗ್‌ಫೋರ್ಸ್ ಕಂಪನಿಗೆ 2010ರಲ್ಲಿ ಯುರೋಪಿನಲ್ಲಿ ಮಿದುಳಿನ ಗಡ್ಡೆಗೆ ಇದನ್ನು ಬಳಸಲು ಒಪ್ಪಿಗೆ ಸಿಕ್ಕಿತ್ತು.

ನನಗೆ ಹಿಡಿಸಿದ್ದು ಬೇರೆಯೇ. ಹಲ್ಲಿನಲ್ಲಿ ಲೋಹ ತುಂಬಿಸಿದ್ದರೆ ಮೊದಲು ತೆಗೆಸಬೇಕು, ಇಲ್ಲದಿದ್ದರೆ ಅದೂ ಬಿಸಿಯಾಗುತ್ತದೆ. ಇಂಡಕ್ಷನ್ ಒಲೆಯ ಸುರುಳಿಯೂ ಓಲಾಡುವ ಕಾಂತಕ್ಷೇತ್ರದಿಂದಲೇ ಪಾತ್ರೆ ಬಿಸಿ ಮಾಡುವುದು; ಒಲೆ ಆನ್ ಇದ್ದಾಗ ಅದರ ಮೇಲೆ ಉಂಗುರದ ಕೈ ಇಡಬೇಡಿ ಅಂತ ಗಿರಾಕಿಗಳಿಗೆ ನಾನು ಹೇಳುವುದೂ ಅದಕ್ಕೇ ಅಲ್ವಾ? ಇನ್ನೊಂದು ತೊಡಕು, ಕಣಗಳು ಗಡ್ಡೆಯಲ್ಲೇ ಉಳಿಯುವುದರಿಂದ ಆಮೇಲೆ ಅಲ್ಲಿಯ ಎಂಆರ್‌ಐ ಚಿತ್ರ ಸರಿಯಾಗಿ ಬರುವುದಿಲ್ಲ.

"ತಮ್ಮನಿಗೆ ಮಾಡಿಸಿದ್ರೆ ಉಳೀತಿದ್ನಾ?" ಅಂದರು ಮಾವ.

"ಹಾಗೆ ಹೇಳೋಕಾಗಲ್ಲ ಮಾವ."

ಅವರು ಸುಮ್ನೆ ಆ ತಾಮ್ರದ ಸುರುಳಿಯನ್ನು ಬೆರಳಲ್ಲಿ ಸವರುತ್ತಾ ಕೂತರು. ಚಹಾ ಆರಿಹೋಗಿತ್ತು.