ಕರದಂಟಿನ ಡಬ್ಬಿ: ಮೂರನೇ ಕರಡು

ಅಮೀನಗಡದ ಒಂದು ಅಂಗಡಿಯ ಡಬ್ಬಿಗೆ 'ಕರದಂಟು' ಅಂತ ಕೈಯಲ್ಲಿ ಬರೆದುಕೊಡುವ ಕೆಲಸ ಇನ್ನೂ ಮುಗಿದಿಲ್ಲ. ನಾಲ್ಕೇ ಅಕ್ಷರ, ಒಂದು ಒತ್ತೂ ಇಲ್ಲ, ಎರಡು ದಿನ ಸಾಕು ಅಂದುಕೊಂಡು ಒಪ್ಪಿಕೊಂಡಿದ್ದೆ.

ಮೊದಲ ದಿನ ಸಾಹುಕಾರರು ಹೇಳಿದ್ದು ಇಷ್ಟೇ. "ತಮ್ಮಾ, ಹಳೇ ಕಾಲದ್ದು ಅನ್ನಿಸಬೇಕು ನೋಡು." ಹಳೇದು ಅಂದ ಕೂಡಲೇ ನನ್ನ ತಲೆ ಸೀದಾ ಬಾದಾಮಿಗೆ ಓಡಿತು. ಬಾಗಲಕೋಟೆಯಿಂದ ಬಸ್ ಹತ್ತಿ ಹೋಗಿ, ಕಪ್ಪೆ ಅರಭಟ್ಟನ ಶಾಸನದ ಕೆಳಗೆ ಒಂದು ತಾಸು ಕೂತು ಅಕ್ಷರ ಬರೆದುಕೊಂಡು ಬಂದೆ. ಸುಮಾರು 700ರ ಹೊತ್ತಿನದು, ಬಂಡೆಯಲ್ಲಿ ಕೆತ್ತಿದ್ದು, ಬ್ರಷ್ಷಿನ ದಪ್ಪ-ಸಣ್ಣ ಅನ್ನೋದೇ ಅಲ್ಲಿಲ್ಲ. ಅದೇ ಧಾಟಿಯಲ್ಲಿ ಬರೆದು ತೋರಿಸಿದರೆ ಸಾಹುಕಾರರು ಕನ್ನಡಕ ಏರಿಸಿ "ಇದೇನ್ ತೆಲುಗೇನೋ?" ಅಂದರು. ಅವರದು ತಪ್ಪಿಲ್ಲ ಬಿಡಿ, ಆಗ ಎರಡಕ್ಕೂ ಲಿಪಿ ಒಂದೇ ಇತ್ತು. ಎಷ್ಟು ಹಳೇದು ಅಂತ ನಾನು ಆಗ ಕೇಳಿದೆ, ಮೊದಲೇ ಕೇಳಬೇಕಿತ್ತು. ಒಳಗಿನಿಂದ ಅಪ್ಪನ ಕಾಲದ ತಗಡಿನ ಬೋರ್ಡ್ ತಂದಿಟ್ಟರು. ಪೇಂಟರ್ ಬರೆದ ಗುಂಡನೆ ಅಕ್ಷರ, ಬಲಕ್ಕೆ ಕೆಂಪು ನೆರಳು.

ಎರಡನೇ ಕರಡು ಚಪ್ಪಟೆ ಬ್ರಷ್‌ನಲ್ಲಿ. "ಚಲೋ ಐತಿ, ಆದ್ರ ಅಂಟು ಕಮ್ಮಿ ಆಗೈತಿ" ಅಂದರು. ದಪ್ಪ ಸಾಲದು ಅಂತ ಅರ್ಥ ಮಾಡಿಕೊಂಡು ಗೆರೆ ದಪ್ಪ ಮಾಡಿದೆ. ಡಬ್ಬಿಯ ಅಳತೆಗೆ ಇಳಿಸಿ ಪ್ರಿಂಟ್ ತೆಗೆದರೆ ಸೊನ್ನೆ ಮುಚ್ಚಿ ಚುಕ್ಕೆಯಾಗಿತ್ತು, 'ರ' ಹೊಟ್ಟೆಯೂ ತುಂಬಿಹೋಗಿತ್ತು. ಈ ಸಲ ಸುಮ್ನೆ ವಾದ ಮಾಡಲಿಲ್ಲ, ಎಲ್ಲಿ ಕಮ್ಮಿ ಅಂತ ಬೆರಳಿಟ್ಟು ತೋರಿಸ್ರಿ ಅಂದೆ. ಬೆರಳು ಸೀದಾ ಸೊನ್ನೆ ಮತ್ತು 'ಟು' ನಡುವೆ ಕೂತಿತು.

ಆಗ ಹೊಳೆಯಿತು. ಕ, ರ, ದ ಮೂರಕ್ಕೂ ತಲೆಕಟ್ಟು ಇದೆ, 'ಟ'ಗೆ ಇಲ್ಲ. ನಾನು ಆ ಮೂರರ ತಲೆಕಟ್ಟನ್ನು ಕೂಡಿಸಿ ಎಳೆದಿದ್ದೆ, ಅಲ್ಲಿಗೆ ಗೆರೆ ನಿಂತು, ಸೊನ್ನೆಯ ಮೇಲೆ ಖಾಲಿ ಬಿದ್ದು, 'ಟು' ಪಂಗತಿಯಿಂದ ಎದ್ದು ಹೋದವನ ಹಾಗೆ ಒಂಟಿಯಾಗಿತ್ತು. ಬೆಲ್ಲದ ಪಾಕ ಸರಿಯಾಗದಿದ್ದರೆ ಗೋಡಂಬಿ, ಕೊಬ್ಬರಿ ಉದುರುತ್ತವಲ್ವಾ, ಅವರ ಕಣ್ಣಿಗೆ ಇದೂ ಹಂಗೇ ಕಂಡಿದೆ.

ಮೂರನೆಯದರಲ್ಲಿ 'ದ' ತಲೆಕಟ್ಟನ್ನು ಸೊನ್ನೆಯ ಮೇಲೆ ಛತ್ರಿಯ ಹಾಗೆ ಬಗ್ಗಿಸಿ 'ಟ' ನೆತ್ತಿಯ ಹತ್ತಿರ ತಂದೆ. ಪೂರ್ತಿ ತಾಗಿಸಿದರೆ ದೇವನಾಗರಿಯ ಹಾಗೆ ಕಾಣುತ್ತದೆ, ಅದಕ್ಕೇ ಕೂದಲೆಳೆಯಷ್ಟು ಬಿಟ್ಟಿದ್ದೇನೆ. ಕೊಂಬನ್ನೂ ಗಿಡ್ಡ ಮಾಡಿದೆ. ಗೆರೆಯ ದಪ್ಪ ಎರಡನೇ ಕರಡಿನಲ್ಲಿ ಮೊದಲು ಇದ್ದಷ್ಟೇ.

ವಾಟ್ಸಾಪ್‌ನಲ್ಲಿ ಕಳಿಸಿಲ್ಲ, ಫೋನಿನಲ್ಲಿ ಅವರು ಒಂದೊಂದೇ ಅಕ್ಷರ ಹಿಗ್ಗಿಸಿ ನೋಡುತ್ತಾರೆ. ಖಾಲಿ ಡಬ್ಬಿಗೆ ಅಂಟಿಸಿಕೊಂಡು ಸೋಮವಾರ ಹೋಗುತ್ತೇನೆ. ನೆರಳು ಬೆಲ್ಲದ ಬಣ್ಣ ಇರಲಿ ಅಂದಿದ್ದಾರೆ. ಒಂದು ತುಂಡು ಬೆಲ್ಲ ತೆಗೆದಿಟ್ಟಿರ್ರಿ ಅಂತ ಫೋನ್ ಮಾಡಿ ಹೇಳಿದ್ದೇನೆ.