ಅರ್ಧ ಪೆನ್ನಿ ಧಕ್ಕೆಯಲ್ಲಿ ಒಂದು ರಾತ್ರಿ

ಹಾಯಿದೋಣಿಯಲ್ಲಿ ಹಗಲೆಲ್ಲ ಸುತ್ತಾಡಿ ಸಂಜೆ ಮನೆಗೆ ಬರುವುದು ಒಂದು ಬಗೆ. ಗುರುತು ಪರಿಚಯವಿಲ್ಲದ ಧಕ್ಕೆಗೆ ದೋಣಿಯನ್ನು ಕಟ್ಟಿ, ಅದರ ಹೊಟ್ಟೆಯೊಳಗೇ ಮಲಗುವುದು ಇನ್ನೊಂದು ಬಗೆ. ಎರಡನೆಯದು ನನಗೆ ಒದಗಿದ್ದು ಕಳೆದ ಬೇಸಿಗೆಯಲ್ಲಿ, ಇಂಗ್ಲೆಂಡಿನ ಪೂರ್ವ ಕರಾವಳಿಯ ಹ್ಯಾರಿಚ್ ಬಂದರಿನಲ್ಲಿ. ದೋಣಿ ನನ್ನದಲ್ಲ, ಇಪ್ಸ್‌ವಿಚ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿರುವ ನಿವೃತ್ತ ಮೇಷ್ಟ್ರದು. ಒಂಬತ್ತು ಮೀಟರ್ ಉದ್ದದ ಆ ದೋಣಿಯಲ್ಲಿ ಹಗ್ಗ ಹಿಡಿಯುವುದಷ್ಟೇ ನನ್ನ ಉದ್ಯೋಗ. ಗಂಗೊಳ್ಳಿಯಲ್ಲಿ ಹುಟ್ಟಿದವನಿಗೆ ಹಗ್ಗ ಹಿಡಿಯಲು ಬಂದೇ ಬರುತ್ತದೆ ಎಂಬ ತಪ್ಪು ಕಲ್ಪನೆ ಅವರಿಗಿದೆ, ನಾನಾಗಿ ಅದನ್ನು ತಿದ್ದಲು ಹೋಗಿಲ್ಲ.

ಮಧ್ಯಾಹ್ನದ ಇಳಿತದ ಸೆಳವಿನೊಂದಿಗೆ ಆರ್ವೆಲ್ ನದಿಯಲ್ಲಿ ಕೆಳಗಿಳಿದು ಬಂದರೆ ಶಾಟ್ಲಿಯ ತುದಿಯಲ್ಲಿ ಸ್ಟೌರ್ ನದಿ ಬಂದು ಸೇರುತ್ತದೆ. ಐದು ಹೊಳೆಗಳು ಕೂಡುವ ನಮ್ಮೂರಿನ ಅಳಿವೆಯನ್ನು ನೋಡಿ ಬೆಳೆದ ನನಗೆ ಎರಡೇ ನದಿಗಳ ಈ ಸಂಗಮ ದೊಡ್ಡದೆನಿಸಬಾರದಿತ್ತು. ಆದರೆ ಎಡದಂಡೆಯ ಫೆಲಿಕ್ಸ್‌ಸ್ಟೋ ಬಂದರಿನಲ್ಲಿ ನಾನೂರು ಮೀಟರ್ ಉದ್ದದ ಕಂಟೇನರ್ ಹಡಗುಗಳು ನಿಂತಿರುವಾಗ ಅವುಗಳ ಮುಂದೆ ನಮ್ಮ ದೋಣಿ ತೇಲುವ ತೆಂಗಿನ ಚಿಪ್ಪಿನಷ್ಟಾಗುತ್ತದೆ. ದೊಡ್ಡ ಹಡಗುಗಳ ಕಾಲುವೆಯನ್ನು ಸಣ್ಣ ದೋಣಿಗಳು ನೇರ ಅಡ್ಡಕ್ಕೆ, ಆದಷ್ಟು ಬೇಗ ದಾಟಬೇಕು. ಮೇಷ್ಟ್ರು ಹಾಯಿ ಇಳಿಸಿ, ಎಂಜಿನ್ ಹಚ್ಚಿ, ಬಂದರಿನ ಹಡಗು ಸಂಚಾರವನ್ನು ನಿಯಂತ್ರಿಸುವವರು ಮಾತಾಡುವ ರೇಡಿಯೋದ 71ನೇ ಚಾನೆಲ್‌ಗೆ ಕಿವಿಗೊಟ್ಟು ದಾಟಿಸಿದರು.

ಹ್ಯಾರಿಚ್‌ನ ಹಳೆಯ ಊರಿನ ಮುಂದೆ ಮರದ ಕಂಬಗಳ ಮೇಲೆ ನಿಂತಿರುವ ಧಕ್ಕೆಯ ಹೆಸರೇ ‘ಹೇಪೆನ್ನಿ ಪಿಯರ್’, ಅಂದರೆ ಅರ್ಧ ಪೆನ್ನಿಯ ಧಕ್ಕೆ. 1853ರಲ್ಲಿ ಕಟ್ಟಿದ ಇದರ ಮೇಲೆ ಕಾಲಿಡಲು ಆಗ ಅರ್ಧ ಪೆನ್ನಿ ಸುಂಕ ಕೊಡಬೇಕಿತ್ತು. ಒಂದು ಪೌಂಡಿಗೆ 240 ಪೆನ್ನಿಗಳಿದ್ದ ಕಾಲದಲ್ಲಿ ಅದು ಪೌಂಡಿನ 480ನೇ ಒಂದು ಪಾಲು. ಮೊದಲು ಈಗಿನ ಎರಡರಷ್ಟು ಉದ್ದವಿದ್ದ ಧಕ್ಕೆಯ ಅರ್ಧಭಾಗ 1927ರಲ್ಲಿ ಸುಟ್ಟುಹೋಯಿತು. ಮರದ ಪುಟ್ಟ ಟಿಕೆಟ್ ಕಚೇರಿ ಮಾತ್ರ ಈಗಲೂ ಇದೆ. ರಾತ್ರಿ ತಂಗುವ ದೋಣಿಗಳು ಧಕ್ಕೆಯ ಪಕ್ಕದಲ್ಲಿರುವ ತೇಲುವ ಕಟ್ಟೆಗೆ, ಅಂದರೆ ಪೊಂಟೂನ್‌ಗೆ, ಕಟ್ಟಿಕೊಳ್ಳುತ್ತವೆ.

ಇಳಿತ ಇನ್ನೂ ಪೂರ್ತಿ ನಿಂತಿರಲಿಲ್ಲವಾದ್ದರಿಂದ ಮೇಷ್ಟ್ರು ದೋಣಿಯ ಮೂತಿಯನ್ನು ಸೆಳವಿಗೆ ಎದುರಾಗಿ ತಿರುಗಿಸಿದರು. ಸೆಳವಿನ ಜೊತೆ ಬಂದರೆ ದೋಣಿಯನ್ನು ನಿಲ್ಲಿಸುವುದು ಕಷ್ಟ. ಎದುರಾಗಿ ಬಂದರೆ ನೀರೇ ಬ್ರೇಕ್ ಹಾಕುತ್ತದೆ, ಚುಕ್ಕಾಣಿಯೂ ಕೊನೆಯವರೆಗೆ ಮಾತು ಕೇಳುತ್ತದೆ. ನಾನು ಪೊಂಟೂನ್‌ಗೆ ಇಳಿದು, ಎರಡು ಕೊಂಬಿನ ಕಬ್ಬಿಣದ ಕ್ಲೀಟ್‌ಗೆ ಮೊದಲು ಒಂದು ಪೂರ್ತಿ ಸುತ್ತು, ಆಮೇಲೆ ಎಂಟರ ಆಕಾರದ ಸುತ್ತುಗಳನ್ನು ಹಾಕಿ ಮುಂದಿನ ಹಗ್ಗವನ್ನೂ ಹಿಂದಿನ ಹಗ್ಗವನ್ನೂ ಕಟ್ಟಿದೆ. ದೋಣಿ ಹಿಂದೆ ಮುಂದೆ ಜಗ್ಗದಂತೆ ತಡೆಯುವ ಓರೆ ಹಗ್ಗಗಳು ಎರಡು ಬೇಕು, ‘ಸ್ಪ್ರಿಂಗ್’ ಎಂದು ಅವಕ್ಕೆ ಹೆಸರು. ನಾನು ಕಟ್ಟಿದ್ದು ಒಂದೇ. ಇನ್ನೊಂದನ್ನು ಚಹಾ ಕುಡಿದ ಮೇಲೆ ಕಟ್ಟಿದರಾಯಿತು ಎಂದುಕೊಂಡೆ.

ಚಹಾದ ಹೊತ್ತಿಗೆ ಊರಿನಿಂದ ಅಪ್ಪಯ್ಯನ ಫೋನು ಬಂತು. ದೋಣಿಯನ್ನು ಧಕ್ಕೆಗೆ ಕಟ್ಟಿದ್ದೇವೆ ಎಂದದ್ದೇ ತಡ, “ನೀರ್ ಇಳ್ದ್ರೆ ದೋಣಿ ನೇತಾಡತ್ತ್ ಮಾರಾಯಾ, ಹಗ್ಗ ಸಡ್ಲ ಬಿಟ್ಟಿದ್ಯಾ?” ಎಂದು ಕೇಳಿದರು. ಅವರ ಲೆಕ್ಕ ಸರಿಯೇ. ಅಲುಗದ ಧಕ್ಕೆಗೆ ಕಟ್ಟಿದ್ದರೆ, ದೊಡ್ಡ ಉಬ್ಬರದ ದಿನಗಳಲ್ಲಿ ಮೂರೂವರೆ ಮೀಟರಿನಷ್ಟು ಏರಿಳಿಯುವ ಇಲ್ಲಿನ ನೀರಿಗೆ ತಕ್ಕಂತೆ ಹಗ್ಗವನ್ನು ಉದ್ದ ಬಿಡಬೇಕಾಗುತ್ತಿತ್ತು. ಆದರೆ ಪೊಂಟೂನ್ ದೋಣಿಯ ಜೊತೆಗೇ ಏರಿಳಿಯುತ್ತದೆ ಎಂದು ವಿವರಿಸಿದೆ. “ಹೌದಾ?” ಎಂದರು, ನಂಬಿದಂತೆ ಕಾಣಲಿಲ್ಲ. ನೀರಿನ ಏರಿಳಿತ ಕಾಣಿಸುವುದು ಪೊಂಟೂನ್‌ಗೆ ಇಳಿಯುವ ಓರೆ ಸೇತುವೆಯಲ್ಲಿ: ಸಂಜೆ ಕಂಬಿ ಹಿಡಿದು ಹತ್ತಬೇಕಾದಷ್ಟು ಕಡಿದಾಗಿದ್ದದ್ದು, ಹನ್ನೊಂದು ಗಂಟೆಯ ಉಬ್ಬರಕ್ಕೆ ಅಂಗಳದಷ್ಟು ಸಮವಾಗಿ ಮಲಗಿತ್ತು.

ನಡುವೆ ಊರು ಸುತ್ತಿ ಬಂದೆವು. 1620ರಲ್ಲಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ವಲಸಿಗರನ್ನು ಒಯ್ದ ಮೇಫ್ಲವರ್ ಹಡಗಿನ ಕಪ್ತಾನ ಕ್ರಿಸ್ಟಫರ್ ಜೋನ್ಸ್‌ನ ಮನೆ ಇಲ್ಲೇ ಒಂದು ಓಣಿಯಲ್ಲಿದೆ. ಎಲ್ಲರೂ ಅದರ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು 1818ರ ಎರಡು ದೀಪಸ್ತಂಭಗಳು, ಒಂದು ಎತ್ತರದ್ದು, ಒಂದು ಗಿಡ್ಡ. ಸಮುದ್ರದಿಂದ ಬರುವ ಹಡಗಿಗೆ ಎರಡರ ದೀಪಗಳೂ ಒಂದರ ಮೇಲೊಂದು ಕಂಡರೆ ದಾರಿ ಸರಿ ಎಂದು ಲೆಕ್ಕ. ಆದರೆ ನೀರಿನಡಿಯ ಕಾಲುವೆ ಸರಿಯುತ್ತ ಹೋಗಿ, ದೀಪಗಳನ್ನು ನಂಬಿದವರೇ ದಾರಿ ತಪ್ಪುವಂತಾಯಿತು. 1863ರಲ್ಲಿ ಪಕ್ಕದ ಡೋವರ್‌ಕೋರ್ಟ್‌ನಲ್ಲಿ ಕಬ್ಬಿಣದ ಹೊಸ ದೀಪಸ್ತಂಭಗಳು ಬಂದವು. ಮೇಷ್ಟ್ರು ಸ್ಟೌರ್ ನದಿಯ ಕಡೆ ಕೈ ತೋರಿಸಿ, 1918ರ ನವೆಂಬರ್ 20ರಿಂದ ಶರಣಾಗತ ಜರ್ಮನ್ ಜಲಾಂತರ್ಗಾಮಿಗಳನ್ನು ತಂಡತಂಡವಾಗಿ ಈ ಬಂದರಿಗೆ ತಂದು ಅಲ್ಲಿ ಸಾಲಾಗಿ ಕಟ್ಟಿದ್ದರು ಎಂದರು. ನೂರಕ್ಕೂ ಹೆಚ್ಚು ಉಕ್ಕಿನ ದೋಣಿಗಳಿಗೆ ಎಷ್ಟು ಹಗ್ಗ ಬೇಕಾಗಿರಬಹುದು ಎಂದು ಯೋಚಿಸುವಾಗಲೂ ನನ್ನ ಕಟ್ಟದ ಹಗ್ಗ ನೆನಪಾಗಲಿಲ್ಲ.

ನೆನಪಿಸಿದ್ದು ರಾತ್ರಿ ಎರಡು ಗಂಟೆಗೆ ಹಾದುಹೋದ ಯಾವುದೋ ದೋಣಿ. ದೋಣಿ ಹೋಗಿ ಅರ್ಧ ನಿಮಿಷವಾದ ಮೇಲೆ ಅದರ ಅಲೆ ಬಂತು. ಮಲಗಿದ್ದ ಹಲಗೆ ತೊಟ್ಟಿಲಿನಂತೆ ತೂಗಿ, ಹಗ್ಗಗಳು ಕಿರುಗುಟ್ಟಿ, ಹಾಯಿ ಏರಿಸುವ ಹಗ್ಗ ಲೋಹದ ಕಂಬಕ್ಕೆ ಟಣ್ ಟಣ್ ಎಂದು ಹೊಡೆದುಕೊಳ್ಳತೊಡಗಿತು. ಬೆನ್ನಿಗೇ ನನ್ನ ತಲೆದಿಂಬಿನ ಪಕ್ಕದ ಗೋಡೆಗೆ ಗುದ್ದಿದ ಸದ್ದು. ಟಾರ್ಚ್ ಹಿಡಿದು ಮೇಲೆ ಬಂದು ನೋಡಿದರೆ, ತಡೆಯುವ ಓರೆ ಹಗ್ಗವಿಲ್ಲದೆ ದೋಣಿ ಒಂದು ಮಾರಿನಷ್ಟು ಹಿಂದಕ್ಕೆ ಜಗ್ಗಿತ್ತು. ಅದಕ್ಕೂ ಪೊಂಟೂನ್‌ಗೂ ನಡುವೆ ಇರಬೇಕಾದ ಗಾಳಿ ತುಂಬಿದ ಫೆಂಡರ್ ಉರುಳಿ ಮೇಲಕ್ಕೆ ಬಂದು ಕುಳಿತಿತ್ತು. ಬರಿಗಾಲಲ್ಲಿ ಇಬ್ಬನಿಯ ಹಲಗೆಗಳ ಮೇಲೆ ಕುಳಿತು ಎರಡನೆಯ ಸ್ಪ್ರಿಂಗ್ ಕಟ್ಟಿದೆ, ಫೆಂಡರನ್ನು ಗೇಣುದ್ದ ಕೆಳಗಿಳಿಸಿದೆ, ಟಣಗುಟ್ಟುವ ಹಗ್ಗವನ್ನು ಕಂಬದಿಂದ ದೂರಕ್ಕೆಳೆದು ಬಿಗಿದೆ. ಆ ಟಣಟಣ ನಿಲ್ಲಿಸದೆ ಮಲಗುವುದು ಅಕ್ಕಪಕ್ಕದ ದೋಣಿಯವರಿಗೆ ಮಾಡುವ ದ್ರೋಹ. ಎದುರು ದಂಡೆಯಲ್ಲಿ ಕ್ರೇನ್‌ಗಳು ಆ ಹೊತ್ತಿನಲ್ಲೂ ಹಗಲಿನಂಥ ಬೆಳಕಿನಲ್ಲಿ ಪೆಟ್ಟಿಗೆಗಳನ್ನು ಎತ್ತಿಡುತ್ತಿದ್ದವು.

ಬೆಳಗ್ಗೆ ಆರಕ್ಕೆ ಸೇತುವೆ ಮತ್ತೆ ಕಡಿದಾಗಿತ್ತು. ಏರುನೀರು ಶುರುವಾದೊಡನೆ ಹೊರಡಬೇಕೆಂದು ಮೇಷ್ಟ್ರು ಎದ್ದು ಬಂದವರು ಹಗ್ಗಗಳನ್ನು ಒಂದೊಂದಾಗಿ ನೋಡಿ, ಹೊಸ ಸ್ಪ್ರಿಂಗ್ ಬಳಿ ತುಸು ನಿಂತು, ಏನೂ ಹೇಳದೆ ಎಂಜಿನ್ ಹಚ್ಚಿದರು. ನಾನು ಫೆಂಡರ್‌ಗಳನ್ನು ಎಳೆದುಕೊಳ್ಳುವಾಗ ಅವುಗಳಲ್ಲಿ ಒಂದರ ಹಗ್ಗ ಒಂದೇ ರಾತ್ರಿಯಲ್ಲಿ ಅರ್ಧಕ್ಕರ್ಧ ಸವೆದಿರುವುದು ಕಂಡಿತು. ಆ ತುಂಡನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡೆ.